ತುಘಲಕ್‌ನ ದೋಷ ಯಾವುದು? ತಾಲೀಮಿನಲ್ಲಿ ಸಿಕ್ಕಿಕೊಂಡ ಪ್ರಶ್ನೆ

ತಾಲೀಮುಕೋಣೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಸಣ್ಣ ಊರೊಂದರ ಹವ್ಯಾಸಿ ತಂಡ. ಒಬ್ಬರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರು ಶಾಲೆ ಟೀಚರ್‌ಗಳು. ಒಬ್ಬ ಹುಡುಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಜೆ ಏಳಕ್ಕೆ ಶಾಲೆಯ ಹಾಲ್‌ನಲ್ಲಿ ಸೇರಿ ಒಂಬತ್ತೂವರೆವರೆಗೆ ತಾಲೀಮು ಮಾಡುತ್ತೇವೆ. ಈ ಸಲ ಗಿರೀಶ ಕಾರ್ನಾಡರ 'ತುಘಲಕ್' ಕೈಗೆತ್ತಿಕೊಂಡಿದ್ದೇವೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಕತೆ ಅದು. ನಿರ್ದೇಶನ ನನ್ನದು.

ಒಟ್ಟು 13 ದೃಶ್ಯ. ಕೂತು ಓದುವಾಗ ನಾಟಕ ಮೈ ನಡುಗಿಸುತ್ತಿತ್ತು. ಎದ್ದು ನಿಂತು ಆಡಲು ಶುರು ಮಾಡಿದ ಮೇಲೆ ಸಪ್ಪೆಯಾಗಿದೆ. ಯಾಕೆ ಹೀಗಾಯಿತು ಎಂದು ಯೋಚಿಸಿದಾಗ ಒಂದು ವಿಷಯ ನೆನಪಾಯಿತು. ಮೂರನೇ ವಾರದಲ್ಲಿ ನಾನು ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದೆ. ನಿಮ್ಮ ಪಾತ್ರದ ದೋಷ ಏನು ಎಂದು ಒಂದೇ ಮಾತಿನಲ್ಲಿ ಬರೆದುಕೊಂಡು ಬನ್ನಿ ಎಂದಿದ್ದೆ. ಬಂದ ಉತ್ತರಗಳು ಇವು. ಸುಲ್ತಾನನದು ಕ್ರೌರ್ಯ. ಅಗಸ ಅಜೀಜ್‌ನದು ಮೋಸ. ಸುಲ್ತಾನನ ಮಲತಾಯಿಯದು ಹೊಟ್ಟೆಕಿಚ್ಚು. ರಾಜಕುಮಾರ ಶಿಹಾಬುದ್ದೀನನದು ಅತಿ ನಂಬಿಕೆ. ಚರಿತ್ರೆಕಾರ ಬರನಿಯ ಪಾತ್ರ ಮಾಡುವವರು ಮಾತ್ರ "ನನ್ನ ಪಾತ್ರಕ್ಕೆ ದೋಷವೇ ಇಲ್ಲ" ಎಂದು ಬರೆದಿದ್ದರು.

ಅವತ್ತಿನಿಂದ ಎಲ್ಲರೂ ಆ ಒಂದೇ ಮಾತನ್ನು ಆಡುತ್ತಿದ್ದಾರೆ. ನಮ್ಮ ಸುಲ್ತಾನ ಮೊದಲನೇ ದೃಶ್ಯದಲ್ಲೇ ಹುಬ್ಬು ಗಂಟಿಕ್ಕಿಕೊಂಡು ಬರುತ್ತಾನೆ. ಆರನೇ ದೃಶ್ಯದಲ್ಲಿ ಶಿಹಾಬುದ್ದೀನನ ಮೇಲೆ ಕಠಾರಿ ಎತ್ತುವಾಗ ಅವನಿಗೆ ಹೋಗಲು ಜಾಗವೇ ಉಳಿದಿಲ್ಲ. ನೋಡುವವರಿಗೂ ಆಶ್ಚರ್ಯವಿಲ್ಲ. ಇವನು ಇರಿದೇ ಇರಿಯುತ್ತಾನೆ ಎಂದು ಮೊದಲೇ ಗೊತ್ತಾಗಿಬಿಡುತ್ತದೆ.

ಪಾತ್ರದ ದೋಷವೇ ನಾಟಕವನ್ನು ನಡೆಸುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಹಾಗಾದರೆ ಆ ದೋಷವನ್ನು ನಟನ ಕೈಗೆ ಹೇಗೆ ಕೊಡಬೇಕು? ಕೊಡಲೇಬಾರದೇ? ಆಡಿದವರು, ಆಡಿಸಿದವರು, ನೋಡಿದವರು ಎಲ್ಲರೂ ಹೇಳಿ.

ಕೊನೆಸಾಲು:

ನಾನು ನಾಟಕ ಆಡಿದವನಲ್ಲ, ನೋಡುವವನು. ಈ ನಾಟಕವನ್ನು ಬೇರೆ ಬೇರೆ ತಂಡಗಳಿಂದ ನಾಲ್ಕು ಸಲ ನೋಡಿದ್ದೇನೆ. ನಿಮ್ಮ ಸುಲ್ತಾನ ಹುಬ್ಬು ಗಂಟಿಕ್ಕುವ ವಿಷಯ ಓದಿ ತಕ್ಷಣ ಬರೆಯಬೇಕು ಅನಿಸಿತು.

ಮೊದಲನೇ ದೃಶ್ಯ ನೆನಪು ಮಾಡಿಕೊಳ್ಳಿ. ದೆಹಲಿ, 1327. ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ವಿಷ್ಣುಪ್ರಸಾದ ಎಂಬ ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೇ ದಾವೆ ಹಾಕಿ ಗೆದ್ದಿದ್ದಾನೆ. ಸುಲ್ತಾನ ತಪ್ಪು ಒಪ್ಪಿಕೊಳ್ಳುತ್ತಾನೆ. 500 ಬೆಳ್ಳಿ ದಿನಾರ್ ಕೊಡುತ್ತಾನೆ, ಸರ್ಕಾರಿ ಕೆಲಸವನ್ನೂ ಕೊಡುತ್ತಾನೆ. ಎಂಥ ದೊರೆ ಅನಿಸುವುದಿಲ್ಲವೇ? ಆ ಜನರ ಗುಂಪಿನಲ್ಲಿ ನಾನಿದ್ದಿದ್ದರೆ ಮನೆಗೆ ಓಡಿಹೋಗಿ ಎಲ್ಲರಿಗೂ ಹೇಳುತ್ತಿದ್ದೆ. ಆ ಖುಷಿ ಇನ್ನೂ ಆರಿರುವುದಿಲ್ಲ, ಅದೇ ಉಸಿರಿನಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುತ್ತೇನೆ ಎನ್ನುತ್ತಾನೆ.

ನಾನು ನೋಡಿದ ನಾಲ್ಕರಲ್ಲಿ ಒಂದು ಪ್ರಯೋಗ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಅದರಲ್ಲಿ ಸುಲ್ತಾನ ತುಂಬಾ ಚಂದ ನಗುತ್ತಿದ್ದ. ಜನರ ಹತ್ತಿರ ಬಂದು, ಕಣ್ಣಲ್ಲಿ ಕಣ್ಣಿಟ್ಟು, ಸ್ನೇಹಿತರಿಗೆ ಹೇಳುವ ಹಾಗೆ ಹೇಳಿದ. ನಾನು ಕೂತಲ್ಲೇ ತಲೆ ಆಡಿಸಿದ್ದೆ. ಮುಂದೆ ಆರನೇ ದೃಶ್ಯ ಬಂದಾಗ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಯಾಕೆಂದರೆ ಅವನನ್ನು ಒಪ್ಪಿದವರಲ್ಲಿ ನಾನೂ ಒಬ್ಬ.

ಬೇವಿನಕಟ್ಟೆ:

ನನ್ನದು ಸ್ವಲ್ಪ ಬೇರೆ ಮಾತು. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಾನು ಇತಿಹಾಸ ಓದಿದವನು. ಎಲ್ಲವನ್ನೂ ಒಬ್ಬನ ಸ್ವಭಾವದ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಮುಹಮ್ಮದ್ ಬಿನ್ ತುಘಲಕ್ ಆಳಿದ್ದು 1325ರಿಂದ 1351ರವರೆಗೆ. ಆ ಕಾಲದಲ್ಲಿ ಗಂಗಾ ಯಮುನಾ ನಡುವಿನ ನಾಡಿನಲ್ಲಿ ಭೀಕರ ಬರ ಬಿದ್ದಿತ್ತು. ಸಾಮ್ರಾಜ್ಯ ದಕ್ಷಿಣದವರೆಗೂ ಹಬ್ಬಿತ್ತು. ದೆಹಲಿಯಲ್ಲಿ ಕೂತು ಅದನ್ನು ಹಿಡಿದಿಡುವುದು ಸುಲಭವಿರಲಿಲ್ಲ. ದೌಲತಾಬಾದ್ ಎಂದರೆ ನಮ್ಮ ಸೇವುಣರು ಆಳಿದ ಹಳೇ ದೇವಗಿರಿ. ಅದನ್ನು ಆರಿಸಿದ್ದು ಹುಚ್ಚಲ್ಲ. ಇನ್ನು ತಾಮ್ರದ ನಾಣ್ಯ. ಅದಕ್ಕೆ ಬೆಳ್ಳಿ ನಾಣ್ಯದಷ್ಟೇ ಬೆಲೆ ಎಂದು ಸುಲ್ತಾನ ಸಾರಿದ್ದ. ಬೆಳ್ಳಿಗೆ ಬದಲಾಗಿ ಸರ್ಕಾರದ ಮಾತಿನ ಮೇಲೆ ನಡೆಯುವ ಹಣ ಚೀನಾದಲ್ಲಿ ಆಗಲೇ ಇತ್ತು. ಇಲ್ಲಿ ಸೋತದ್ದು ಯಾಕೆ ಎಂದರೆ, ಯಾರು ಬೇಕಾದರೂ ಮನೆಯಲ್ಲಿ ಆ ನಾಣ್ಯ ಮಾಡಿಕೊಳ್ಳಬಹುದಿತ್ತು. ಅದನ್ನು ತಡೆಯುವ ವ್ಯವಸ್ಥೆ ಇರಲಿಲ್ಲ.

ಇದರಲ್ಲಿ ಸ್ವಭಾವದ ದೋಷ ಎಲ್ಲಿ ಬಂತು? ಆಡಳಿತದ ದೋಷ ಎನ್ನಿ, ಒಪ್ಪುತ್ತೇನೆ. ನಾಟಕ ನೋಡಿ ಬಂದವರೆಲ್ಲ 'ತುಘಲಕ್ ದರ್ಬಾರು' ಎಂದು ಸುಮ್ನೆ ಬೈದು ಮುಗಿಸುತ್ತಾರೆ. ಅದು ನನಗೆ ನೋವು.

ಪಾಠದ ಮೇಷ್ಟ್ರು:

ಬೇವಿನಕಟ್ಟೆಯವರೇ, ನೀವು ಹೇಳಿದ್ದು ಚರಿತ್ರೆಗೆ ಸರಿ. ಆದರೆ ರಂಗದ ಮೇಲೆ ಬರವನ್ನು ನಿಲ್ಲಿಸಲು ಆಗುವುದಿಲ್ಲ. ಅಲ್ಲಿ ನಿಲ್ಲುವುದು ಮನುಷ್ಯ. ಬರ ಬಂದಾಗ ಅವನು ಏನು ಮಾಡಿದ, ಯಾರ ಮಾತು ಕೇಳಿದ, ಯಾರ ಮಾತು ಕೇಳಲಿಲ್ಲ, ನಾಟಕ ನೋಡುವುದು ಅದನ್ನು.

ಈ ನಾಟಕ ಹುಟ್ಟಿದ್ದೇ ಒಂದು ವಿಮರ್ಶೆಯ ಮಾತಿನಿಂದ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕ ಬಂದಿಲ್ಲ ಎಂದು ಕೀರ್ತಿನಾಥ ಕುರ್ತಕೋಟಿ ಬರೆದಿದ್ದರು. ಅದನ್ನು ಓದಿದ ಕಾರ್ನಾಡರು ಭಾರತದ ಇತಿಹಾಸದ ಪುಸ್ತಕ ತೆಗೆದು ಕೂತರು. ಓದುತ್ತಾ ಓದುತ್ತಾ ಈ ದೊರೆಯ ಬಳಿ ಬಂದು ನಿಂತರು. ನಾಟಕ 1964ರಲ್ಲಿ ಬಂತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಇನ್ನು 'ದೋಷ' ಎಂಬ ಮಾತು. ಕಾಲೇಜಿನಲ್ಲಿ ಬಹಳ ವರ್ಷ ರುದ್ರನಾಟಕ, ಅಂದರೆ ದುರಂತ ನಾಟಕ, ಪಾಠ ಮಾಡಿದ್ದೇನೆ. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕವೊಂದನ್ನು ಎದುರಿಟ್ಟುಕೊಂಡು 'ಅಶ್ವತ್ಥಾಮನ್' ಬರೆದರಲ್ಲ, ಅದನ್ನು ಹೇಳುವಾಗಲೆಲ್ಲ ಹುಡುಗರು ಪರೀಕ್ಷೆಗೆ ಬೇಕು ಎಂದು ಕೇಳುತ್ತಿದ್ದರು: "ಸರ್, ನಾಯಕನ ದುರಂತ ದೋಷ ಯಾವುದು?" ನಾನೂ ಒಂದು ಮಾತು ಹೇಳಿ ಮುಗಿಸುತ್ತಿದ್ದೆ. ಅಹಂಕಾರ. ಕೋಪ. ಅವರು ಬರೆದುಕೊಳ್ಳುತ್ತಿದ್ದರು.

ಆಮೇಲೆ ಗ್ರೀಕ್ ಚಿಂತಕ ಅರಿಸ್ಟಾಟಲ್ ಬಳಸಿದ ಮೂಲ ಪದ 'ಹಮಾರ್ಟಿಯಾ' ಬಗ್ಗೆ ಓದಿದೆ. ಅದರ ಬೇರಿನಲ್ಲಿರುವ ಅರ್ಥ ಗುರಿ ತಪ್ಪುವುದು. ಬಾಣ ಬಿಟ್ಟೆ, ತಾಗಬೇಕಾದ ಕಡೆ ತಾಗಲಿಲ್ಲ ಎನ್ನುವ ಅರ್ಥ. ಅದು ಮೈಮೇಲಿನ ಮಚ್ಚೆಯಂತೆ ಸದಾ ಅಂಟಿಕೊಂಡ ಗುಣವಲ್ಲ. ಅದೊಂದು ಕ್ರಿಯೆ. ಬಾಣ ಬಿಡುವವನಿಗೆ ಗುರಿ ಕಾಣುತ್ತಲೇ ಇರುತ್ತದೆ, ಕೈಯೂ ಗಟ್ಟಿ ಇರುತ್ತದೆ. ಆದರೂ ತಪ್ಪುತ್ತದೆ. ಇದನ್ನು ಆಗಲೇ ತಿಳಿದಿದ್ದರೆ ನನ್ನ ಪಾಠ ಬೇರೆ ಥರ ಇರುತ್ತಿತ್ತು.

ತಾಲೀಮುಕೋಣೆ ಮೇಡಂ, ನಿಮ್ಮ ನಟರಿಗೆ 'ನಿನ್ನ ದೋಷ ಏನು' ಎಂದು ಕೇಳಬೇಡಿ. 'ನೀನು ಏನಕ್ಕೆ ಗುರಿ ಇಟ್ಟಿದ್ದೀಯ' ಎಂದು ಕೇಳಿ.

ಮದ್ದಳೆಪೆಟ್ಟು:

ಮೇಷ್ಟ್ರ ಮಾತಿಗೆ ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ. ನಾನು ಕರಾವಳಿಯವನು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ನಾವು ಕೂತು ಮಾತಾಡುತ್ತೇವೆ. ಅಷ್ಟೇ. ಆದರೆ ಒಂದು ರಾತ್ರಿ ಇಡೀ ಜನ ಅಲ್ಲಾಡದೆ ಕೇಳುತ್ತಾರೆ.

ಯಾಕೆ ಕೇಳುತ್ತಾರೆ ಗೊತ್ತಾ? ಅರ್ಥ ಹೇಳಲು ಕೂತವನು ತನ್ನ ಪಾತ್ರದ ಪರವಾಗಿ ವಾದ ಮಾಡುತ್ತಾನೆ. ಕೌರವನ ಅರ್ಥ ಹೇಳುವವನು "ನನ್ನದು ಹೊಟ್ಟೆಕಿಚ್ಚು" ಎಂದು ಎಂದೂ ಹೇಳುವುದಿಲ್ಲ. ರಾಜ್ಯ ನನ್ನ ಅಪ್ಪನದು, ಕುರುಡ ಎಂಬ ಒಂದೇ ಕಾರಣಕ್ಕೆ ಅವನ ಕೈತಪ್ಪಿದ್ದು ಎನ್ನುತ್ತಾನೆ. ಹುಟ್ಟಿನಿಂದ ಅವಮಾನ ಉಂಡವನು ನಾನು ಎನ್ನುತ್ತಾನೆ. ಎದುರು ಕೂತ ಕೃಷ್ಣ ಅದಕ್ಕೆ ಉತ್ತರ ಕೊಡಬೇಕು. ಕೆಲವು ಸಲ ಕೃಷ್ಣನಿಗೇ ಕಷ್ಟವಾಗುತ್ತದೆ. ಆಗಲೇ ಸಭೆ ಎದ್ದು ಕೂರುವುದು.

ಪಂಪ ಏನೆಂದ? 'ಛಲದೊಳ್ ದುರ್ಯೋಧನಂ' ಎಂದ. ಭಾರತದಲ್ಲಿ ನೆನೆಯಬೇಕಾದವರ ಸಾಲಿನಲ್ಲಿ ಅವನನ್ನೇ ಮೊದಲು ಹೇಳಿದ. ಛಲ ಅವನ ದೊಡ್ಡಗುಣ. ಅವನು ಹಾಳಾದದ್ದೂ ಅದೇ ಛಲದಿಂದ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಸುಲ್ತಾನನದೂ ಹೀಗೇ ಇರಬಹುದಲ್ಲವೇ?

ಒಂದು ಸಲಹೆ. ನಿಮ್ಮ ನಟರನ್ನು ಒಂದು ಸಂಜೆ ಎದುರುಬದುರು ಕೂರಿಸಿ. ಓಡಾಟ ಬೇಡ, ಪುಸ್ತಕದ ಮಾತೂ ಬೇಡ. ಪ್ರತಿಯೊಬ್ಬರೂ ತಮ್ಮ ಪಾತ್ರದ ಪರವಾಗಿ ಅರ್ಥ ಹೇಳಲಿ. ತನ್ನದು ತಪ್ಪು ಎಂದು ಒಪ್ಪುವ ಹಾಗಿಲ್ಲ, ಅದೊಂದೇ ನಿಯಮ.

ಅಜೀಜ್ ಮಾಡಿದವನು:

ನಾನು ಕಾಲೇಜಿನಲ್ಲಿ ಅಜೀಜ್ ಮಾಡಿದ್ದೆ. ಹದಿನೆಂಟು ಪ್ರಯೋಗ. ನಿಮ್ಮ ಅಜೀಜ್ 'ಮೋಸ' ಎಂದು ಬರೆದದ್ದು ನೋಡಿ ನನ್ನ ಹಳೇ ನೋಟ್‌ಬುಕ್ ನೆನಪಾಯಿತು. ನಾನೂ ಅದನ್ನೇ ಬರೆದಿದ್ದೆ.

ಆದರೆ ಆಡುತ್ತಾ ಹೋದ ಹಾಗೆ ಬೇರೆ ಏನೋ ಕಾಣಿಸಿತು. ಅಜೀಜ್ ಒಬ್ಬ ಅಗಸ. ಮೊದಲ ದೃಶ್ಯದ ಆ ಬ್ರಾಹ್ಮಣ ವಿಷ್ಣುಪ್ರಸಾದ ಇವನೇ. ಜಮೀನು ಕಳೆದುಕೊಂಡ ಬ್ರಾಹ್ಮಣನಿಂದ ಹಳೇ ತಾರೀಖಿನ ಪತ್ರ ಮಾಡಿಸಿಕೊಂಡು, ಅವನ ವೇಷ ಹಾಕಿಕೊಂಡು, ದಾವೆ ಹೂಡುತ್ತಾನೆ. ಹಿಂದೂಗಳಿಗೂ ನ್ಯಾಯ ಸಿಗುತ್ತದೆ ಎಂದು ಸುಲ್ತಾನ ಸಾರಿದ್ದ. ಅದನ್ನು ಕೇಳಿ ಊರೆಲ್ಲ ಅನುಮಾನಪಟ್ಟಿತು. ನಂಬಿದವನು ಅಜೀಜ್ ಒಬ್ಬನೇ! ನಂಬಿದ, ಕೂಡಲೇ ಬಳಸಿಕೊಂಡ. ತಾಮ್ರದ ನಾಣ್ಯ ಬಂದಾಗಲೂ ಅಷ್ಟೇ. ಮುಸ್ಲಿಮರ ಪರಮಗುರು ಖಲೀಫರ ವಂಶದವನು ಬರುತ್ತಾನೆ ಎಂದಾಗಲೂ ಅಷ್ಟೇ. ಅವನನ್ನು ಕೊಂದು ಅವನ ಅಂಗಿ ತೊಟ್ಟುಕೊಂಡು ದೌಲತಾಬಾದಿಗೆ ಬರುತ್ತಾನೆ.

ಕೊನೇ ದೃಶ್ಯದಲ್ಲಿ ಸಿಕ್ಕಿಬಿದ್ದಾಗ ಅವನು ಹೇಳುವ ಮಾತಿನ ತಿರುಳು ಇದು: ನಿಮ್ಮ ಒಂದೊಂದು ಆಜ್ಞೆಯನ್ನೂ ಗಮನವಿಟ್ಟು ಕೇಳಿದ, ಪಾಲಿಸಿದ ನಿಷ್ಠಾವಂತ ಸೇವಕ ನಾನು. ಮೊದಮೊದಲು ಇದನ್ನು ನಗಿಸುವ ಮಾತಾಗಿ ಆಡುತ್ತಿದ್ದೆ. ಒಂದು ದಿನ ನಿರ್ದೇಶಕರು "ನಿಜವಾಗಿ ಹೇಳು" ಎಂದರು. ನಿಜವಾಗಿ ಹೇಳಿದೆ. ಸಭಾಂಗಣ ಸ್ತಬ್ಧವಾಯಿತು. ಎದುರು ನಿಂತ ಸುಲ್ತಾನನ ಕಣ್ಣಲ್ಲಿ ನೀರು ಬಂದಿತ್ತು. ಇಡೀ ರಾಜ್ಯದಲ್ಲಿ ಅವನ ಮಾತನ್ನು ಪೂರ್ತಿ ಅರ್ಥ ಮಾಡಿಕೊಂಡವನು ಒಬ್ಬ ಕೊಲೆಗಾರ. ಅದಕ್ಕೇ ಅವನನ್ನು ಕೊಲ್ಲಿಸಲು ಸುಲ್ತಾನನಿಗೆ ಆಗುವುದಿಲ್ಲ. ಶಿಕ್ಷೆ ಕೊಡುವ ಬದಲು ದಖ್ಖನಿನ ಸೇನೆಯಲ್ಲಿ ಅಧಿಕಾರಿ ಮಾಡಿ ಕಳಿಸುತ್ತಾನೆ.

ಇದನ್ನು ಕ್ರೌರ್ಯ ಎಂಬ ಒಂದು ಪದದಿಂದ ಹೇಗೆ ವಿವರಿಸುತ್ತೀರಿ? ಕ್ರೂರಿಯಾಗಿದ್ದರೆ ಅಜೀಜ್ ಅಲ್ಲೇ ಸಾಯಬೇಕಿತ್ತು.

ಕೊನೆಸಾಲು:

ಅಬ್ಬಾ, ಇದನ್ನು ನಾನು ಹೀಗೆ ನೋಡಿರಲೇ ಇಲ್ಲ. ಆಜಮ್ ಬಗ್ಗೆಯೂ ಹೇಳಿ ಸರ್.

ಅಜೀಜ್ ಮಾಡಿದವನು:

ಆಜಮ್ ಜೇಬುಗಳ್ಳ. ಎಲ್ಲಿ ಗಂಟು ಕಂಡರೂ ಅವನ ಕೈ ಸುಮ್ಮನಿರದು. ಆದರೆ ಅವನಿಗೆ ಭಯವಿದೆ, ಅಜೀಜ್‌ಗೆ ಇಲ್ಲ. ಅರಮನೆ ಸೇರಿದ ಮೇಲೆ ಅಜೀಜ್ ಅಲ್ಲೇ ಉಳಿಯೋಣ ಎನ್ನುತ್ತಾನೆ, ಆಜಮ್‌ಗೆ ಓಡಿಹೋಗಬೇಕು. ಓಡಲು ಹೋಗಿ ಸಾಯುತ್ತಾನೆ. ನಮ್ಮ ಆಜಮ್ ಮಾಡುತ್ತಿದ್ದ ಗೆಳೆಯ ಮೊದಲ ದೃಶ್ಯದಿಂದಲೇ ಮಾತಾಡುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದ. ಅಷ್ಟು ಸಣ್ಣ ಚಟ. ಅವನು ಸತ್ತ ಸುದ್ದಿ ಬಂದಾಗ ಜನರಿಗೆ ಆ ನೋಟ ನೆನಪಾಗುತ್ತಿತ್ತು.

ಪರದೆಹಿಂದೆ:

ಮಲತಾಯಿಯ ಬಗ್ಗೆ ಯಾರೂ ಬರೆದಿಲ್ಲ. ನಾನು ಆ ಪಾತ್ರ ಮಾಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

'ಹೊಟ್ಟೆಕಿಚ್ಚು' ಎಂದು ಬರೆದ ನಿಮ್ಮ ನಟಿಗೆ ಪ್ರೀತಿಯಿಂದ ಒಂದು ಮಾತು. ಎರಡನೇ ದೃಶ್ಯ ಓದು ತಂಗಿ. ಸುಲ್ತಾನ ಚದುರಂಗದ ಒಂದು ಹಳೇ ಸಮಸ್ಯೆ ಬಿಡಿಸಿದೆ ಎಂದು ಮಗುವಿನಂತೆ ಹಿಗ್ಗುತ್ತಿದ್ದಾನೆ. ಅವಳು ಕೇಳುವುದು ನಿದ್ದೆಯ ಬಗ್ಗೆ. ರಾತ್ರಿಯೆಲ್ಲ ಯಾಕೆ ಎಚ್ಚರವಿರುತ್ತೀಯ ಎಂದು ಕೇಳುತ್ತಾಳೆ. ಆ ನಾಟಕದಲ್ಲಿ ಅವನ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದವಳು ಅವಳೊಬ್ಬಳೇ. ಅವಳಿಗೆ ಸುಲ್ತಾನನ ಸಲಹೆಗಾರ ನಜೀಬ್ ಕಂಡರೆ ಆಗದು. ಮಗ ಹಾಳಾಗುತ್ತಿರುವುದು ನಜೀಬನ ಸಲಹೆಯಿಂದ ಎಂದು ಗಟ್ಟಿಯಾಗಿ ನಂಬಿದ್ದಾಳೆ. ಕೊನೆಗೆ ವಿಷ ಹಾಕಿಸಿ ಕೊಲ್ಲಿಸುತ್ತಾಳೆ.

ನನಗೆ ಈ ಪಾತ್ರ ಅರ್ಥವಾದದ್ದು ನನ್ನ ಮನೆಯಿಂದಲೇ. ಅಪ್ಪ ಹೋದ ಮೇಲೆ ತಮ್ಮನನ್ನು ನಾನೇ ಬೆಳೆಸಿದೆ. ಅವನ ಒಬ್ಬ ಸ್ನೇಹಿತ ಅವನನ್ನು ಕೆಡಿಸುತ್ತಿದ್ದಾನೆ ಎಂದು ನನಗೆ ಅನಿಸಿತ್ತು. ಆ ಹುಡುಗ ಮನೆಗೆ ಬರದ ಹಾಗೆ ಮಾಡಿದೆ. ತಮ್ಮನ ಜೊತೆ ಒಂದು ಮಾತೂ ಆಡದೆ ಮಾಡಿದೆ. ಎರಡು ವರ್ಷ ತಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾನು ಮಾಡಿದ್ದು ಪ್ರೀತಿಯಿಂದಲೇ. ಅವನ ಬದುಕನ್ನು ಅವನ ಕೈಯಿಂದ ಕಿತ್ತುಕೊಂಡು ಸರಿ ಮಾಡಿ ಕೊಡುತ್ತೇನೆ ಎಂದುಕೊಂಡಿದ್ದೆ. ತಾಲೀಮಿನಲ್ಲಿ ಹತ್ತನೇ ದೃಶ್ಯ ಮಾಡುವಾಗ ಇದು ಎದೆಗೆ ಬಂದು ತಾಗಿತು. ಸುಲ್ತಾನ ತನ್ನ ಪ್ರಜೆಗಳಿಗೆ ಮಾಡುವುದೂ ಇದನ್ನೇ. ಅವಳು ಅವನಿಗೆ ಅದನ್ನೇ ಮಾಡಿದ್ದಾಳೆ. ಅಮ್ಮ ಮಗ ಇಬ್ಬರಿಗೂ ಒಂದೇ ರೋಗ.

ಆ ದೃಶ್ಯ ನೋಡಿ. ಗುಲಾಬಿ ತೋಟ ಮಾಡಬೇಕು, ಒಂದೊಂದು ಹೂವೂ ಒಂದೊಂದು ಕವಿತೆಯಾಗಬೇಕು ಎಂದು ಕನಸು ಕಂಡಿದ್ದ ಜಾಗ. ಈಗ ಅಲ್ಲಿ ಖೋಟಾ ನಾಣ್ಯಗಳನ್ನು ಸುರಿಯುತ್ತಿದ್ದಾರೆ. ಅಲ್ಲಿ ಅವಳು ತಪ್ಪು ಒಪ್ಪಿಕೊಳ್ಳುತ್ತಾಳೆ. ನೀನು ಅಪ್ಪನನ್ನು, ತಮ್ಮನನ್ನು, ಧರ್ಮಗುರು ಶೇಖ್ ಇಮಾಮುದ್ದೀನರನ್ನು ಕೊಂದೆಯಲ್ಲ ಎನ್ನುತ್ತಾಳೆ. ಅವನು ಅಲ್ಲಗಳೆಯುವುದಿಲ್ಲ. ಕೊಂದೆ, ಆದರೆ ಒಂದು ಆದರ್ಶಕ್ಕಾಗಿ ಕೊಂದೆ ಎನ್ನುತ್ತಾನೆ. ಆಮೇಲೆ ಅವಳನ್ನು ಕಲ್ಲು ಹೊಡೆದು ಸಾಯಿಸಲು ಹೇಳುತ್ತಾನೆ. ಅವಳನ್ನು ಎಳೆದೊಯ್ದ ಮೇಲೆ ಮೊಣಕಾಲೂರಿ ದೇವರನ್ನು ಕರೆಯುತ್ತಾನೆ.

ಹೊಟ್ಟೆಕಿಚ್ಚನ್ನು ಆಡಿದರೆ ಈ ದೃಶ್ಯ ಅತ್ತೆ ಸೊಸೆ ಜಗಳದ ಮಟ್ಟಕ್ಕೆ ಇಳಿಯುತ್ತದೆ. ದಯವಿಟ್ಟು ಆಡಬೇಡ.

ತಾಲೀಮುಕೋಣೆ:

ಪರದೆಹಿಂದೆ ಅಕ್ಕಾ, ನಿಮ್ಮ ಬರಹವನ್ನು ನಮ್ಮ ಮಲತಾಯಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಪುಸ್ತಕ ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಕೂತಳು. ತುಂಬಾ ಥ್ಯಾಂಕ್ಸ್.

ಮದ್ದಳೆಪೆಟ್ಟು ಅಣ್ಣ ಹೇಳಿದ ಹಾಗೆ ನಿನ್ನೆ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದೆ. ಸುಲ್ತಾನ ಮತ್ತು ಶೇಖ್ ಇಮಾಮುದ್ದೀನ್ ಎದುರುಬದುರು. ಅರ್ಧ ಗಂಟೆ ಎಂದುಕೊಂಡಿದ್ದೆ, ಎರಡು ಗಂಟೆ ಆಯಿತು.

ಒಂದು ಹೊಸ ವಿಷಯ ಕಾಣಿಸಿತು. ಮೂರನೇ ದೃಶ್ಯದಲ್ಲಿ ಶೇಖ್ ಅವರ ಭಾಷಣಕ್ಕೆ ಸುಲ್ತಾನನೇ ಜನರನ್ನು ಕರೆಯುತ್ತಾನೆ. ಒಬ್ಬನೂ ಬರುವುದಿಲ್ಲ. ಸೈನಿಕರು ಮನೆ ಮನೆಗೆ ಹೋಗಿ ತಡೆದಿರುತ್ತಾರೆ. ಇದು ನಮಗೆ ನಾಲ್ಕನೇ ದೃಶ್ಯದಲ್ಲಿ ಶಿಹಾಬುದ್ದೀನನ ಜೊತೆಗಾರ ರತನ್‌ಸಿಂಗ್ ಹೇಳಿದ ಮೇಲೆ ತಿಳಿಯುವುದು. ಖಾಲಿ ಅಂಗಳದಲ್ಲಿ ನಿಂತ ಶೇಖ್ ಅವರನ್ನು, ಅವಧದ ಆಡಳಿತಗಾರ ಐನ್-ಉಲ್-ಮುಲ್ಕ್ ದಂಡೆತ್ತಿ ಬರುತ್ತಿದ್ದಾನೆ, ರಕ್ತ ಹರಿಯದ ಹಾಗೆ ಸಂಧಾನಕ್ಕೆ ಹೋಗಿ ಎಂದು ಬೇಡಿಕೊಳ್ಳುತ್ತಾನೆ. ಅವರು ಒಪ್ಪುತ್ತಾರೆ. ಅವರಿಗೆ ರಾಜನ ಉಡುಪು ತೊಡಿಸುತ್ತಾನೆ. ನೋಡಲು ಸುಲ್ತಾನನ ಹಾಗೇ ಇದ್ದಾರೆ. ರಣರಂಗದಲ್ಲಿ ಸಾಯುತ್ತಾರೆ.

ನಮ್ಮ ಶೇಖ್ ಚಾಪೆಯ ಮೇಲೆ ಕೂತು ಹೇಳಿದ್ದು ಹೀಗೆ: "ನಾನು ಜೀವಮಾನವಿಡೀ ಜನರಿಗೆ ನೀತಿ ಹೇಳಿದವನು. ಸಾವಿರಾರು ಜೀವ ಉಳಿಸುವ ಕೆಲಸ ಕೊಟ್ಟಾಗ ಬೇಡ ಎನ್ನಲು ಹೇಗಾಗುತ್ತದೆ?" ಅದನ್ನು ಕೇಳಿ ನಮ್ಮ ಸುಲ್ತಾನ ಒಂದು ಕ್ಷಣ ತಲೆ ತಗ್ಗಿಸಿದ. ಆಮೇಲೆ ಹೇಳಿದ: "ನಿಮ್ಮ ಒಳ್ಳೆಯತನ ನನಗೆ ಗೊತ್ತಿತ್ತು. ಅದಕ್ಕೇ ಕೇಳಿದೆ."

ಎಲ್ಲರೂ ಸುಮ್ಮನಾದರು. ಸುಲ್ತಾನ ಎದುರಿನವರ ಕೆಟ್ಟತನವನ್ನಲ್ಲ, ಒಳ್ಳೆಯತನವನ್ನೇ ಹಿಡಿದು ಎಳೆಯುತ್ತಾನೆ!

ಪಾಠದ ಮೇಷ್ಟ್ರು:

ಸೊಗಸಾಗಿದೆ. ಶಿಹಾಬುದ್ದೀನನಿಗೂ ಇದೇ ಆಗುವುದು. ಸುಲ್ತಾನನನ್ನು ಕೊಲ್ಲುವ ಸಂಚಿಗೆ ಸೇರಲು ಅವನು ಮೊದಲು ಹಿಂಜರಿಯುತ್ತಾನೆ. ಸೇರಿದ ಮೇಲೂ ಗೌರವಸ್ಥನಂತೆಯೇ ನಡೆಯುತ್ತಾನೆ. ಒಡಹುಟ್ಟಿದವನಂತೆ ಬೆಳೆದ ರತನ್‌ಸಿಂಗನನ್ನು ಪೂರ್ತಿ ನಂಬುತ್ತಾನೆ. ಆದರೆ ಶಿಹಾಬನ ಅಪ್ಪ ರತನ್‌ಸಿಂಗನ ಅಪ್ಪನನ್ನು ಮೋಸದಿಂದ ಕೊಂದವನು. ರತನ್‌ಸಿಂಗ್ ಅದನ್ನು ಮರೆತಿಲ್ಲ. ಸಂಚನ್ನೆಲ್ಲ ಕಾಗದದಲ್ಲಿ ಬರೆದು ಸುಲ್ತಾನನಿಗೆ ತಿಳಿಸಿರುತ್ತಾನೆ.

ಪ್ರಾರ್ಥನೆಯ ಹೊತ್ತಿನಲ್ಲಿ ಕೊಲ್ಲಬೇಕು ಎಂದು ಅಮೀರರು, ಅಂದರೆ ಆಸ್ಥಾನದ ಸರದಾರರು, ನಿಶ್ಚಯಿಸುತ್ತಾರೆ. ಐದು ಹೊತ್ತು ಪ್ರಾರ್ಥನೆ ಮಾಡಲೇಬೇಕು ಎಂದು ಕಟ್ಟುನಿಟ್ಟು ಮಾಡಿದವನು ಸುಲ್ತಾನನೇ. ಅಪ್ಪನನ್ನು ಪ್ರಾರ್ಥನೆಯ ಹೊತ್ತಿನಲ್ಲೇ ಕೊಲ್ಲಿಸಿದ ಎಂಬ ಮಾತು ಅವನ ಮೇಲೇ ಇದೆ. ಈಗ ಅವನದೇ ಉಪಾಯ ಅವನ ಕಡೆಗೆ ತಿರುಗಿ ಬಂದಿದೆ. ಸಂಚು ಮುರಿಯುತ್ತದೆ. ಶಿಹಾಬನನ್ನು ತನ್ನ ಕೈಯಾರೆ ಇರಿಯುತ್ತಾನೆ, ಮತ್ತೆ ಮತ್ತೆ ಇರಿಯುತ್ತಾನೆ. ಆಮೇಲೆ ಏನು ಸಾರುತ್ತಾನೆ? ಶಿಹಾಬ ನನ್ನನ್ನು ಉಳಿಸಲು ಹೋಗಿ ಹುತಾತ್ಮನಾದ ಎಂದು. ಸತ್ತವನ ಒಳ್ಳೆಯ ಹೆಸರನ್ನೂ ಬಿಡುವುದಿಲ್ಲ ನೋಡಿ. ಅಲ್ಲಿಂದ ರಾಜ್ಯದಲ್ಲಿ ಪ್ರಾರ್ಥನೆಯೇ ಬಂದ್. ದೆಹಲಿಯ ಒಂದು ಜೀವವೂ ಉಳಿಯದ ಹಾಗೆ ಎಲ್ಲರೂ ದೌಲತಾಬಾದಿಗೆ ಹೊರಡಬೇಕು. ಮೊದಲ ದೃಶ್ಯದಲ್ಲಿ ಪ್ರೀತಿಯಿಂದ ಕರೆದಿದ್ದ. ಅದೇ ಊರು, ಅದೇ ದಾರಿ. ಈಗ ಆಜ್ಞೆ.

ಬೇವಿನಕಟ್ಟೆ:

ಮೇಷ್ಟ್ರೇ, ಈಗ ನನಗೆ ಅರ್ಥವಾಗುತ್ತಿದೆ. ಯೋಜನೆ ತಪ್ಪಲ್ಲ, ಅದು ಕರೆಯಿಂದ ಆಜ್ಞೆಗೆ ಜಾರಿದ್ದು ತಪ್ಪು. ಆ ಜಾರುವಿಕೆ ಒಬ್ಬ ಮನುಷ್ಯನ ಒಳಗಿನಿಂದ ಬಂತು. ನಾನು ಇದನ್ನು ಒಪ್ಪುತ್ತೇನೆ.

ಆದರೆ ಒಂದನ್ನು ಬಿಟ್ಟುಕೊಡುವುದಿಲ್ಲ. ಅದರ ಬೆಲೆ ತೆತ್ತವರು ದಾರಿಯಲ್ಲಿ ನಡೆದವರು. ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ ಅದು. ಏಳನೇ ದೃಶ್ಯದಲ್ಲಿ ಕಾಯಿಲೆ ಮಗುವನ್ನು ಎತ್ತಿಕೊಂಡು ಬರುವ ಹೆಂಗಸು ಇದ್ದಾಳಲ್ಲ, ಅವಳದು ಯಾವ ದೋಷ? ವೈದ್ಯರ ಹತ್ತಿರ ಹೋಗಲು ಬಿಡಿ ಎಂದು ಕೇಳುತ್ತಾಳೆ. ಅಧಿಕಾರಿಯಾಗಿರುವ ಅಜೀಜ್ ಲಂಚ ಕೇಳುತ್ತಾನೆ. ಅವಳ ಹತ್ತಿರ ಇರುವುದು ಔಷಧಿಯ ದುಡ್ಡು ಮಾತ್ರ. ಮಗು ಸಾಯುತ್ತದೆ. ದೋಷ ದೊಡ್ಡವರದು, ಸಾವು ಇವಳ ಮಗುವಿನದು. ದಯವಿಟ್ಟು ಆ ದೃಶ್ಯವನ್ನು ಅವಸರದಲ್ಲಿ ಮುಗಿಸಬೇಡಿ.

ಅಜೀಜ್ ಮಾಡಿದವನು:

ನೂರಕ್ಕೆ ನೂರು ನಿಜ. ಆ ಹೆಂಗಸೇ ಹನ್ನೊಂದನೇ ದೃಶ್ಯದಲ್ಲಿ ಹಸಿದ ಜನರ ಗುಂಪಿನಲ್ಲಿ ನಿಂತಿರುತ್ತಾಳೆ. ಖಲೀಫರ ವಂಶದವನ ವೇಷದಲ್ಲಿ ಬಂದವನ ಗುರುತು ಹಿಡಿದು ಕೂಗುತ್ತಾಳೆ. ಅಲ್ಲಿಂದ ದಂಗೆ ಏಳುತ್ತದೆ. ಆ ದಂಗೆಯಲ್ಲಿ ಬರನಿಯ ತಾಯಿ ಸಾಯುತ್ತಾಳೆ. ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಹೆಣೆದಿದ್ದಾರೆ ನೋಡಿ.

ಕೊನೆಸಾಲು:

ಹಾಗಾದರೆ ಬರನಿಗೆ ದೋಷವೇ ಇಲ್ಲವೇ? ನನಗೆ ಅವನೇ ಇಷ್ಟದ ಪಾತ್ರ.

ಪಾಠದ ಮೇಷ್ಟ್ರು:

ನನಗೂ ಇಷ್ಟ. ಅದಕ್ಕೇ ಅವನ ಬಗ್ಗೆ ಕಷ್ಟದಿಂದ ಬರೆಯುತ್ತೇನೆ. ಬರನಿ ಚರಿತ್ರೆ ಬರೆಯುವವನು, ಒಳ್ಳೆಯವನು. ಪ್ರತಿ ಕೊಲೆಯ ಹೊತ್ತಿಗೂ ಪಕ್ಕದಲ್ಲಿ ಇರುತ್ತಾನೆ. ಪ್ರತಿ ಸಲವೂ ನೊಂದುಕೊಳ್ಳುತ್ತಾನೆ. ಮತ್ತೆ ಮರುದಿನ ಆಸ್ಥಾನಕ್ಕೆ ಬರುತ್ತಾನೆ. ಸುಲ್ತಾನ ಅವನ ಸ್ನೇಹ ಬೇಡಿದಾಗ ಕರಗಿಬಿಡುತ್ತಾನೆ. ಕೊನೆಗೆ ಹೊರಡುವಾಗಲೂ ತಾಯಿ ಸತ್ತಳು, ಅದಕ್ಕೆ ಹೋಗುತ್ತೇನೆ ಎನ್ನುತ್ತಾನೆ. ನಿಜವಾದ ಕಾರಣ ಬಾಯಿಗೆ ಬರುವುದಿಲ್ಲ. ಒಳ್ಳೆಯವನೊಬ್ಬ ಪಕ್ಕದಲ್ಲಿ ಇದ್ದಾನೆ ಎನ್ನುವುದೇ ಸುಲ್ತಾನನಿಗೆ ಅಷ್ಟು ದಿನ ಧೈರ್ಯ ಕೊಟ್ಟಿತೇನೋ ಎಂದು ನನಗೆ ಅನಿಸುತ್ತದೆ. ಇದು ನನ್ನ ಓದು, ಬೇರೆಯವರು ಒಪ್ಪಬೇಕೆಂದಿಲ್ಲ. ಆದರೆ ನಿಮ್ಮ ಬರನಿ "ನನ್ನ ಪಾತ್ರಕ್ಕೆ ದೋಷವೇ ಇಲ್ಲ" ಎಂದು ಬರೆದರಲ್ಲ, ಬರನಿಯನ್ನೇ ಕೇಳಿದ್ದರೂ ಹಾಗೇ ಬರೆಯುತ್ತಿದ್ದ.

ಮದ್ದಳೆಪೆಟ್ಟು:

ಒಂದು ಪ್ರಶ್ನೆ. ಸುಲ್ತಾನ ಮಾಡುವ ನಟ ಹಳೇ ಪ್ರಯೋಗದ ಯಾರನ್ನಾದರೂ ಅನುಕರಿಸುತ್ತಿದ್ದಾರೆಯೇ? ಕನ್ನಡದಲ್ಲಿ ಸಿ.ಆರ್. ಸಿಂಹ, ದೆಹಲಿಯಲ್ಲಿ ನಿರ್ದೇಶಕ ಅಲ್ಕಾಜಿಯವರು ಆಡಿಸಿದ್ದರಲ್ಲಿ ಮನೋಹರ್ ಸಿಂಗ್. ಅವರ ಹೆಸರು ಇನ್ನೂ ಮಾತಿನಲ್ಲಿದೆ. ಆ ಗತ್ತನ್ನು ಮಾತ್ರ ಹಿಡಿದರೆ ಗುಡುಗು ಬರುತ್ತದೆ, ಮಳೆ ಬರುವುದಿಲ್ಲ.

ತಾಲೀಮುಕೋಣೆ:

ಅಣ್ಣಾ, ನೀವು ಊಹಿಸಿದ್ದು ಸರಿ. ಊರಿನ ಹಿರಿಯರು ಹೇಳಿದ ಕತೆ ಕೇಳಿ ಕೇಳಿ ಅವನು ಇಲ್ಲದ ಒಂದು ದನಿ ತಂದುಕೊಂಡಿದ್ದ. ಈಗ ಬಿಟ್ಟಿದ್ದಾನೆ.

ನಿನ್ನೆ ಎಂಟನೇ ದೃಶ್ಯ ಮಾಡಿದೆವು. ಐದು ವರ್ಷ ಕಳೆದಿದೆ. ದೌಲತಾಬಾದಿನ ಕೋಟೆ, ರಾತ್ರಿ. ಇಬ್ಬರು ಕಾವಲುಗಾರರು, ಒಬ್ಬ ಮುದುಕ, ಒಬ್ಬ ಹುಡುಗ. ಅಲ್ಲಿಗೆ ನಿದ್ದೆ ಬಾರದ ಸುಲ್ತಾನ ಒಬ್ಬನೇ ಬರುತ್ತಾನೆ. ಹುಡುಗನಿಗೆ ವಯಸ್ಸು ಕೇಳುತ್ತಾನೆ. 19 ಎನ್ನುತ್ತಾನೆ. ನಾನು ಮೊದಲ ಸಲ ಇಲ್ಲಿಗೆ ಬಂದಾಗ ನನಗೆ 21 ಎಂದು ಸುಲ್ತಾನ ಹೇಳತೊಡಗುತ್ತಾನೆ. ತಾನು ಕಟ್ಟಬೇಕೆಂದಿದ್ದ ಚರಿತ್ರೆಯ ಬಗ್ಗೆ ಹೇಳುತ್ತಾನೆ.

ಹುಡುಗನ ಪಾತ್ರ ನಮ್ಮ ಮೊಬೈಲ್ ಅಂಗಡಿಯವನದು. ಅವನಿಗೆ ಇದು ಮೊದಲ ನಾಟಕ, ವಯಸ್ಸೂ ನಿಜಕ್ಕೂ 19. ಇಷ್ಟು ದಿನ ಸುಲ್ತಾನ ಈ ಮಾತನ್ನು ಭಾಷಣದಂತೆ ಹೇಳುತ್ತಿದ್ದ, ಇವನು ಸುಮ್ನೆ ನಿಂತಿರುತ್ತಿದ್ದ. ನಿನ್ನೆ ನಾನು ಸುಲ್ತಾನನಿಗೆ ಒಂದೇ ಮಾತು ಹೇಳಿದೆ. ಈ ಹುಡುಗನಿಗೆ ಅರ್ಥವಾಗಲೇಬೇಕು, ಆಗುವವರೆಗೂ ಬಿಡಬೇಡ ಎಂದೆ.

ಅವನು ಹುಡುಗನ ಹೆಗಲ ಮೇಲೆ ಕೈ ಇಟ್ಟ. ದನಿ ಎತ್ತಲಿಲ್ಲ. ತನ್ನ ಕನಸನ್ನು ಹೇಳಿದ, ಮತ್ತೆ ಹೇಳಿದ. ಅರ್ಥವಾಯಿತೇ ಎಂದು ಮುಖ ನೋಡಿದ. ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ನಾನು ಹೇಳಿಕೊಟ್ಟದ್ದಲ್ಲ ಅದು. ಸುಲ್ತಾನ ಒಂದು ಹೆಜ್ಜೆ ಮುಂದೆ ಬಂದ. ಹುಡುಗ ಮತ್ತೆ ಸರಿದ. ಹಾಲ್‌ನ ಗೋಡೆ ಬೆನ್ನಿಗೆ ತಾಗಿತು. ಆಗಲೂ ಸುಲ್ತಾನ ಪ್ರೀತಿಯಿಂದಲೇ ಮಾತಾಡುತ್ತಿದ್ದ. ಹುಡುಗನ ಕೈಯಲ್ಲಿದ್ದ ಬಿದಿರಿನ ಭರ್ಜಿ ಸಣ್ಣಗೆ ನಡುಗುತ್ತಿತ್ತು.

ಮುಗಿದ ಮೇಲೆ ಹುಡುಗನನ್ನು ಕೇಳಿದೆ, ಯಾಕೋ ಹಿಂದೆ ಹೋದೆ ಎಂದು. "ಗೊತ್ತಿಲ್ಲ ಅಕ್ಕಾ. ಅವರು ಬೈದಿದ್ದರೆ ನಿಲ್ಲುತ್ತಿದ್ದೆ" ಎಂದ.

ಇವತ್ತು ಸಂಜೆ ಮೊದಲನೇ ದೃಶ್ಯಕ್ಕೆ ವಾಪಸ್ ಹೋಗುತ್ತೇವೆ.